ಅಪ್ಪಯ್ಯನ ಕೆಲಸದ ಪುಟ ತೆಗೆಯಬೇಡಿ

ಪತ್ರ: ನಮ್ಮ ಅಪ್ಪಯ್ಯ ಇತ್ತೀಚೆಗೆ ತೀರಿಕೊಂಡರು. ಶರಾವತಿ ವಿದ್ಯುದಾಗಾರದಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಅವರ ಬಗ್ಗೆ ಏಳು ಪುಟ ಬರೆದು ಕಳಿಸಿದ್ದೇನೆ. ‘ಕೆಲಸದ ವಿಷಯ ತೆಗಿ, ಯಾರಿಗೂ ಅರ್ಥ ಆಗಲ್ಲ, ಮನೆಯದ್ದು ಸಾಕು’ ಅಂತಾನೆ ಅಣ್ಣ. ಅಪ್ಪಯ್ಯ ಪ್ರಶಸ್ತಿ ಪಡೆದವರಲ್ಲ, ದೊಡ್ಡ ಹುದ್ದೆಗೆ ಏರಿದವರಲ್ಲ. ಮನೆ ಆಯ್ತು, ಪವರ್ ಹೌಸ್ ಆಯ್ತು. ಇಂಥವರ ಬಗ್ಗೆ ಏನಂತ ಬರೆಯೋದು?
— ಓದುಗರೊಬ್ಬರು, ಸಾಗರ

ಸಂಪಾದಕರ ಉತ್ತರ:

ನಿಮ್ಮ ಏಳೂ ಪುಟ ಓದಿದೆ. ಅಣ್ಣನ ಮಾತು ಕೇಳಬೇಡಿ. ತೆಗೆಯಲೇಬೇಕು ಅಂತಿದ್ದರೆ ಮೊದಲನೇ ಪುಟ ತೆಗೆಯಿರಿ. ಅಲ್ಲಿ ನಿಮ್ಮ ಅಪ್ಪಯ್ಯ ‘ಸರಳ ಸಜ್ಜನ’, ‘ಸ್ನೇಹಜೀವಿ’, ‘ಅಜಾತಶತ್ರು’. ನಮ್ಮ ಕಚೇರಿಗೆ ಬರುವ ನುಡಿನಮನಗಳಲ್ಲೆಲ್ಲ ಈ ಮೂವರು ಇದ್ದೇ ಇರುತ್ತಾರೆ. ಹೆಸರು ಬದಲಿಸಿದರೆ ಒಬ್ಬರ ಲೇಖನ ಇನ್ನೊಬ್ಬರಿಗೆ ನಡೆಯುತ್ತದೆ. ಅಷ್ಟು ವರ್ಷ ಪವರ್ ಹೌಸಿನಲ್ಲಿ ಇಂಜಿನಿಯರ್ ಆಗಿದ್ದವರಿಗೆ ಒಬ್ಬ ಗುತ್ತಿಗೆದಾರನಾದರೂ ಬೈದಿರುತ್ತಾನೆ, ಅಲ್ವಾ? ಬೈದಿರದಿದ್ದರೆ ನನಗೆ ಅನುಮಾನ.

ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ನಿಮಗೆ ಟೈಫಾಯ್ಡ್ ಬಂದಾಗಿನ ಆ ಕಾಗದದ ಕಥೆ. ಸ್ಕೇಲ್ ಇಟ್ಟು ಗೆರೆ ಎಳೆದು ಅಪ್ಪಯ್ಯ ನಾಲ್ಕು ಕಾಲಂ ಮಾಡಿದ್ದರು: ಸಮಯ, ಜ್ವರ, ಔಷಧಿ, ಸಹಿ. ಗಂಟೆಗೊಮ್ಮೆ ಜ್ವರ ನೋಡಿ ಬರೆದು ಸಹಿ ಹಾಕುವುದು. ರಾತ್ರಿ ಎರಡಕ್ಕೆ ಅಮ್ಮನನ್ನು ಎಬ್ಬಿಸಿ, ಕಾಗದ ಕೈಗೆ ಕೊಟ್ಟು, ಅವರ ಸಹಿ ಹಾಕಿಸಿಕೊಂಡೇ ಮಲಗುವುದು. ನೀವು ಇದನ್ನು ತಮಾಷೆಯಾಗಿ ಬರೆದಿದ್ದೀರಿ. ನಾನೂ ನಕ್ಕೆ. ಆದರೆ ಈ ಕಾಲಂಗಳು ಎಲ್ಲಿಂದ ಬಂದವು ಅಂತ ಹೇಳಿಲ್ಲ. ವಿದ್ಯುದಾಗಾರದಲ್ಲಿ ಪ್ರತಿ ಯಂತ್ರಕ್ಕೂ ಲಾಗ್ ಪುಸ್ತಕ ಇರುತ್ತದೆ. ಬೇರಿಂಗ್ ಎಷ್ಟು ಬಿಸಿಯಾಗಿದೆ, ಎಷ್ಟು ಮೆಗಾವಾಟ್ ಬರುತ್ತಿದೆ ಎಂದು ಹೊತ್ತುಹೊತ್ತಿಗೆ ಬರೆಯಬೇಕು. ಶಿಫ್ಟ್ ಮುಗಿಸುವವರು ಮುಂದಿನವರಿಗೆ ಎಲ್ಲ ಒಪ್ಪಿಸಿಯೇ ಹೊರಡಬೇಕು. ಮಗಳ ಜ್ವರವನ್ನು ಅವರು ತಮಗೆ ಗೊತ್ತಿದ್ದ ಅತ್ಯಂತ ಜಾಗರೂಕ ರೀತಿಯಲ್ಲೇ ಕಾದಿದ್ದಾರೆ. ಕೆಲಸದ ವಿಷಯ ತೆಗೆದರೆ ಈ ಕಾಗದ ಬರೀ ಒಬ್ಬ ವಿಚಿತ್ರ ಅಪ್ಪನ ಕಥೆಯಾಗುತ್ತದೆ. ಮಿಕ್ಸಿಯ ತಳದಲ್ಲಿ ‘ಕಾರ್ಬನ್ ಬ್ರಷ್ 12-3-98’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದಿಡುತ್ತಿದ್ದರು ಅಂದಿರಲ್ಲ, ಅದನ್ನೂ ಇದರ ಪಕ್ಕಕ್ಕೆ ತನ್ನಿ.

ಅರ್ಥ ಆಗಲ್ಲ ಅನ್ನುವ ಅಣ್ಣನ ಭಯಕ್ಕೆ ಮದ್ದು ಸುಲಭ. ನಾಲ್ಕು ಸಾಲಿನಲ್ಲಿ ಹೇಳಿ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತ ನೀರು ತಳಕಳಲೆಯ ಸಣ್ಣ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ದಪ್ಪ ಪೈಪುಗಳಲ್ಲಿ ಘಟ್ಟ ಇಳಿಯುತ್ತದೆ. ಕೆಳಗೆ ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ರಭಸದಿಂದ ಬಡಿದು ಅದನ್ನು ತಿರುಗಿಸುತ್ತದೆ. ಅಂಥ 10 ಯಂತ್ರ, ಒಟ್ಟು 1,035 ಮೆಗಾವಾಟ್. ಆ ಬಟ್ಟಲುಗಳಲ್ಲಿ ಬಿರುಕು ಬಿಟ್ಟಿದೆಯಾ ಅಂತ ಹುಡುಕುವುದು ಅಪ್ಪಯ್ಯನ ಕೆಲಸವಾಗಿತ್ತು ಎಂದು ನೀವೇ ಬರೆದಿದ್ದೀರಿ. ಇದರಲ್ಲಿ ಅರ್ಥವಾಗದ್ದು ಏನಿದೆ? 1985ರಲ್ಲಿ ರಾಯಚೂರಿನ ಉಷ್ಣ ಸ್ಥಾವರ ಶುರುವಾಗುವವರೆಗೆ ನಮ್ಮ ರಾಜ್ಯದ ದೀಪಗಳು ಬಹುಪಾಲು ನೀರನ್ನೇ ನಂಬಿಕೊಂಡಿದ್ದವು. ಮಳೆ ಕೈಕೊಟ್ಟರೆ ಪವರ್ ಕಟ್. ನನ್ನ ವಯಸ್ಸಿನವರಿಗೆ ಅದು ಚೆನ್ನಾಗಿ ನೆನಪಿದೆ. ಸೀಮೆಎಣ್ಣೆ ದೀಪದ ಮುಂದೆ ಕೂತು ಕೆಇಬಿಯನ್ನು ಬೈಯುತ್ತಾ ಓದಿದವರು ನಾವು.

2016ರ ಫೆಬ್ರವರಿಯಲ್ಲಿ ವಿದ್ಯುದಾಗಾರಕ್ಕೆ ಬೆಂಕಿ ಬಿದ್ದ ರಾತ್ರಿ ಅಪ್ಪಯ್ಯ ಫೋನ್ ಬಿಟ್ಟು ಏಳಲಿಲ್ಲ ಅಂದಿದ್ದೀರಿ. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ‘ಶಿಫ್ಟಲ್ಲಿ ಯಾರ್ಯಾರಿದ್ರು?’ ಎಂಬುದೇ ಅವರ ಮೊದಲ ಪ್ರಶ್ನೆ. ಅದನ್ನು ಹಾಗೆಯೇ ಇಡಿ. ಅದರ ಮುಂದೆ ‘ಸಹೋದ್ಯೋಗಿಗಳ ಮೇಲೆ ಅಪಾರ ಪ್ರೀತಿ ಇಟ್ಟಿದ್ದರು’ ಎಂಬ ಸಾಲು ಬೇಡ. ಓದುಗರಿಗೆ ಗೊತ್ತಾಗುತ್ತದೆ.

ಈಗ ನಿಜವಾದ ತಕರಾರಿಗೆ ಬರುತ್ತೇನೆ.

ಎರಡನೇ ಪುಟದಲ್ಲಿ ಒಂದು ಸಾಲಿದೆ: ‘ಅಮ್ಮನ ತವರೂರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು.’ ಅಲ್ಲಿಂದ ನೇರವಾಗಿ ಮದುವೆಗೆ ಹೋಗಿಬಿಟ್ಟಿರಿ! ಐದನೇ ಪುಟದಲ್ಲಿ, ಮಳೆಗಾಲ ಬಂದರೆ ಅಪ್ಪಯ್ಯ ದಿನಾ ಪೇಪರಿನಲ್ಲಿ ಮೊದಲು ನೋಡುತ್ತಿದ್ದದ್ದು ಅಣೆಕಟ್ಟಿನ ಮಟ್ಟ, 1,819 ಅಡಿ ಮುಟ್ಟಿ ಅಣೆಕಟ್ಟು ತುಂಬಿದ ದಿನ ಮನೆಯಲ್ಲಿ ಪಾಯಸ. ಆರನೇ ಪುಟದಲ್ಲಿ, ಬೇಸಿಗೆಯಲ್ಲಿ ಹಿನ್ನೀರಿನ ಕಡೆ ಪಿಕ್ನಿಕ್. ನೀರು ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತಿತ್ತು, ಅಮ್ಮ ಒಬ್ಬರೇ ದೂರ ನಡೆದು ಹೋಗುತ್ತಿದ್ದರು, ಅಪ್ಪಯ್ಯ ನಿಮ್ಮನ್ನು ಹಿಂದೆ ಹೋಗಗೊಡುತ್ತಿರಲಿಲ್ಲ.

ಈ ಮೂರನ್ನು ಒಂದೇ ಕಡೆ ಇಟ್ಟು ನೋಡಿ. ಅಣೆಕಟ್ಟು ತುಂಬಿದರೆ ಅಪ್ಪಯ್ಯನ ಯಂತ್ರಗಳಿಗೆ ವರ್ಷವಿಡೀ ನೀರು. ಅದೇ ದಿನ ಅಮ್ಮನ ತವರಿನ ಮೇಲೆ ನೀರು ಅತಿ ಹೆಚ್ಚು. ಪಾಯಸ ಮಾಡುತ್ತಿದ್ದದ್ದು ಅಮ್ಮನೇ ತಾನೆ?

ಲಿಂಗನಮಕ್ಕಿ ಕಟ್ಟಿ ಮುಗಿದದ್ದು 1964ರಲ್ಲಿ. ಮುಳುಗಡೆಯವರ ಕಥೆ ಇನ್ನೂ ಮುಗಿದಿಲ್ಲ. ಊರು ಬಿಟ್ಟು ಬಂದ ಎಷ್ಟೋ ಕುಟುಂಬಗಳು ತಾವು ಕೂತ ಜಮೀನಿನ ಹಕ್ಕುಪತ್ರಕ್ಕೆ ಇಂದಿಗೂ ಅಲೆಯುತ್ತಿವೆ. ಹಿನ್ನೀರಿನ ಆಚೆ ಉಳಿದವರು ದಶಕಗಟ್ಟಲೆ ಲಾಂಚ್ ಕಾದರು. ಸಿಗಂದೂರು ಸೇತುವೆ ಆದದ್ದು 2025ರ ಜುಲೈನಲ್ಲಿ. ಅಂಥ ಮನೆಯ ಹುಡುಗಿಯನ್ನು ಅದೇ ನೀರಿನಿಂದ ಸಂಬಳ ಪಡೆಯುವ ಹುಡುಗ ಕೇಳಲು ಹೋದಾಗ ನಿಮ್ಮ ಅಜ್ಜ ಏನಂದರು? ಸುಮ್ಮನೆ ಒಪ್ಪಿದರಾ? ಗಂಡ ಹೆಂಡತಿ ಈ ವಿಷಯ ಯಾವತ್ತಾದರೂ ಮಾತಾಡಿದರಾ? ಜಗಳವಾಡಿದರಾ? ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರಬಹುದು. ನೀವು ಪಿಕ್ನಿಕ್ ಅಂದದ್ದನ್ನು ಅಪ್ಪಯ್ಯ ಪ್ರತಿ ಬೇಸಿಗೆ ತಪ್ಪದೆ ಮಾಡಿದ್ದಾರೆ. ಬೇಸಿಗೆ ಅಂದರೆ ಯಂತ್ರಗಳ ಚಿಂತೆ ಜಾಸ್ತಿ ಇರುವ ಕಾಲ. ನೀರು ಇಳಿದಷ್ಟೂ ಅವರಿಗೆ ಆತಂಕ. ಆದರೂ ರಜೆ ಹಾಕಿ, ನೀರು ಇಳಿದ ಜಾಗಕ್ಕೇ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದರು. ‘ಸಂಸಾರವೇ ಸರ್ವಸ್ವವಾಗಿತ್ತು’ ಎಂದು ನೀವು ಬರೆದಿದ್ದೀರಿ. ಆ ಸಾಲು ಹೊಡೆದು ಹಾಕಿ ಈ ಬೇಸಿಗೆಗಳನ್ನು ಬರೆಯಿರಿ.

ಅಣೆಕಟ್ಟು ಸರಿಯೋ ತಪ್ಪೋ ಅಂತ ತೀರ್ಪು ಕೊಡಲು ಹೋಗಬೇಡಿ. ಅದಕ್ಕೆ ಬೇರೆ ಲೇಖನ ಬರೆಯೋಣ. ಅಪ್ಪಯ್ಯನನ್ನು ಸಮರ್ಥಿಸುವ ಅಗತ್ಯವೂ ಇಲ್ಲ. ಅವರು ಊರು ಮುಳುಗಿಸಿದವರಲ್ಲ, ಮುಳುಗಿದ ಮೇಲೆ ಕೆಲಸಕ್ಕೆ ಸೇರಿದವರು.

ಪ್ರಶಸ್ತಿ ಇಲ್ಲ ಎಂಬ ಬೇಜಾರು ಬಿಡಿ. ಸನ್ಮಾನದ ಶಾಲು ಹೊದ್ದ ಫೋಟೊಗಳು ನಮ್ಮಲ್ಲಿ ಡ್ರಾಯರ್ ತುಂಬ ಇವೆ. ಜ್ವರದ ಆ ಕಾಗದ ಇನ್ನೂ ಇದ್ದರೆ ಅದರ ಫೋಟೊ ತೆಗೆದು ಕಳಿಸಿ, ಲೇಖನದ ಜೊತೆ ಹಾಕುತ್ತೇವೆ. ಏಳು ಪುಟ ಐದಕ್ಕೆ ಇಳಿಯಲಿ. ಅವಸರವಿಲ್ಲ, ಮುಂದಿನ ತಿಂಗಳಾದರೂ ಸರಿ.

ಬರೆದು ಮುಗಿಸಿದ ಮೇಲೆ ಅಮ್ಮನಿಗೆ ಒಮ್ಮೆ ಓದಿ ಹೇಳಿ. ತವರಿನ ವಿಷಯ ಬೇಡ ಅಂದರೆ ಬಿಟ್ಟುಬಿಡಿ, ನಾನು ಒತ್ತಾಯ ಮಾಡುವುದಿಲ್ಲ. ಅಣ್ಣನಿಗೆ ಅಚ್ಚಾದ ಮೇಲೆ ತೋರಿಸಿದರೆ ಸಾಕು.