‘ಬಿಲಿಟಲ್’ ಎಂದರೆ ‘ಅದೇನು ಮಹಾ’ ಎನ್ನುವುದು

ಇಂಗ್ಲಿಷಿನ ‘ಬಿಲಿಟಲ್’ (belittle) ಎಂದರೆ ಅವಮಾನ ಮಾಡುವುದೇ, ‘ಇನ್ಸಲ್ಟ್’ಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದೀರಿ. ಹೀಗಳೆಯುವುದು, ಕೀಳಾಗಿ ಕಾಣುವುದು ಎಂಬ ಅರ್ಥಗಳು ತಪ್ಪಲ್ಲ. ಆದರೆ ಪದದ ಜೀವವಿರುವುದು ಅದರೊಳಗಿನ ‘ಲಿಟಲ್’ನಲ್ಲಿ. ಇರುವುದನ್ನು ಇರುವುದಕ್ಕಿಂತ ಚಿಕ್ಕದಾಗಿಸಿ ತೋರಿಸುವುದೇ ಬಿಲಿಟಲ್.

ಅವಮಾನಕ್ಕೆ ಒಂದು ಬೈಗುಳ ಸಾಕು. ಬಿಲಿಟಲ್ ಮಾಡಲು ಮಾತ್ರ ಎದುರಿನವರ ಬಳಿ ಏನಾದರೊಂದು ಇರಬೇಕು: ಒಂದು ಗೆಲುವು, ಒಂದು ಶ್ರಮ, ಕೊನೆಗೆ ಒಂದು ನೋವಾದರೂ. ‘ಅಷ್ಟೇ ತಾನೇ’, ‘ಅದರಲ್ಲೇನಿದೆ’, ‘ಅದೇನು ಮಹಾ’ ಎಂದು ಅದನ್ನು ಕುಗ್ಗಿಸುತ್ತಾರೆ. ಈ ‘ಅದೇನು ಮಹಾ’ ನನಗೆ ನಿಘಂಟಿನ ಎಲ್ಲ ಅರ್ಥಗಳಿಗಿಂತ ಹತ್ತಿರವೆನಿಸುತ್ತದೆ. ದೊಡ್ಡದು ಎಂಬ ಅರ್ಥದ ಪದವನ್ನೇ ಬಳಸಿ ಚಿಕ್ಕದು ಮಾಡುವ ಮಾತು ಅದು. ಸಾಮಾನ್ಯವಾಗಿ ಕನ್ನಡ ಇದನ್ನು ತೂಕದಲ್ಲಿ ಅಳೆಯುತ್ತದೆ, ‘ಹಗುರವಾಗಿ ಮಾತನಾಡಿದರು’ ಎನ್ನುತ್ತೇವೆ. ಇಂಗ್ಲಿಷ್ ಗಾತ್ರದಲ್ಲಿ ಅಳೆಯುತ್ತದೆ.

ನನ್ನ ಅಕ್ಕನ ಮೊದಲ ಕಥೆ ಅಚ್ಚಾದ ದಿನ ಮನೆಗೆ ಬಂದಿದ್ದ ಬಂಧುವೊಬ್ಬರು ಪತ್ರಿಕೆಯ ಪುಟ ತಿರುವಿ, ‘ಚೆನ್ನಾಗಿದೆಯಮ್ಮಾ. ಈಗ ಪತ್ರಿಕೆಯವರಿಗೂ ಪುಟ ತುಂಬಿದರೆ ಸಾಕಲ್ಲವೇ’ ಎಂದು ನಗುತ್ತಲೇ ಹೇಳಿದರು. ಅದರಲ್ಲಿ ಒಂದೂ ಕೆಟ್ಟ ಪದವಿರಲಿಲ್ಲ. ಅಕ್ಕ ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಹಾಸಿಗೆಯ ಕೆಳಗಿಟ್ಟಳು. ಆಮೇಲೆ ಬಂದ ಯಾರಿಗೂ ತೋರಿಸಲಿಲ್ಲ. ನೇರವಾಗಿ ಬೈದಿದ್ದರೆ ಅವಳು ಖಂಡಿತ ತಿರುಗಿ ಕೇಳುತ್ತಿದ್ದಳು. ಇಂಥ ಮಾತಿಗೆ ಉತ್ತರಿಸಲು ಹೋದರೆ ‘ತಮಾಷೆಗೆ ಹೇಳಿದೆ’ ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಅಂದಿನಿಂದ ಈ ಪದ ನನಗೆ ಬರೀ ಪದವಾಗಿ ಉಳಿದಿಲ್ಲ.

ಇದರ ಹುಟ್ಟಿನ ಕಥೆಯೂ ಗಾತ್ರದ್ದೇ. ಅಮೆರಿಕ ಖಂಡದ ಪ್ರಾಣಿಗಳು ಹಳೆಯ ಖಂಡಗಳ ಪ್ರಾಣಿಗಳಿಗಿಂತ ಚಿಕ್ಕವು, ಅಲ್ಲಿನ ಶೀತ ಮತ್ತು ತೇವವೇ ಅದಕ್ಕೆ ಕಾರಣ ಎಂದು ಫ್ರಾನ್ಸಿನ ನಿಸರ್ಗ ವಿಜ್ಞಾನಿ ಬುಫೋನ್ ವಾದಿಸಿದ್ದ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಇದನ್ನು ಸಹಿಸಲಿಲ್ಲ. 1780ರ ದಶಕದಲ್ಲಿ ವರ್ಜಿನಿಯಾದ ಬಗ್ಗೆ ಬರೆದ ಪುಸ್ತಕದಲ್ಲಿ ಎರಡೂ ಕಡೆಯ ಪ್ರಾಣಿಗಳ ತೂಕವನ್ನು ಪಟ್ಟಿ ಮಾಡಿ ವಾದಕ್ಕಿಳಿದ. ಪ್ರಕೃತಿ ಅಟ್ಲಾಂಟಿಕ್ ಸಾಗರದ ಅಮೆರಿಕದ ಬದಿಯಲ್ಲಿ ತನ್ನ ಸೃಷ್ಟಿಯನ್ನು ಚಿಕ್ಕದಾಗಿಸುತ್ತದೆ ಎಂಬ ಆ ವಾದವನ್ನು ವಿವರಿಸುವಾಗ ಅವನು ಬಳಸಿದ್ದೇ ‘ಬಿಲಿಟಲ್’. ಪದ ಮೊದಲು ಕಾಣಿಸಿಕೊಳ್ಳುವುದು ಅವನ ಬರಹದಲ್ಲೇ. 1787ರಲ್ಲಿ ಲಂಡನ್ನಿನ ಪತ್ರಿಕೆಯೊಂದು ‘ಇದೆಂಥ ಪದ!’ ಎಂದು ಅವನನ್ನು ಮೂದಲಿಸಿತು. ಅದೇ ವರ್ಷ ಅವನು ಮೂಸ್ ಎಂಬ ದೈತ್ಯ ಜಿಂಕೆಯ ಚರ್ಮ, ಎಲುಬು, ಕೊಂಬುಗಳನ್ನು ಹಡಗಿನಲ್ಲಿ ಪ್ಯಾರಿಸ್ಸಿಗೆ ತರಿಸಿ ಬುಫೋನ್‌ಗೆ ಕಳುಹಿಸಿಕೊಟ್ಟ! ಮಾತಿನಿಂದ ಕುಗ್ಗಿಸುವ ಅರ್ಥ ಪದಕ್ಕೆ ಅಂಟಿಕೊಂಡದ್ದು ಆಮೇಲೆ.

ಬಳಕೆಯಲ್ಲಿ ನಾವು ಎಡವುವುದು ಒಂದೇ ಕಡೆ. ‘ನನ್ನ ಬಗ್ಗೆ ಹಗುರವಾಗಿ ಮಾತನಾಡಿದ’ ಎಂಬ ಕನ್ನಡ ತಲೆಯಲ್ಲಿರುವುದರಿಂದ ‘ಬಿಲಿಟಲ್ಡ್ ಅಬೌಟ್ ಮಿ’ ಎಂದುಬಿಡುತ್ತೇವೆ. ‘ಅಬೌಟ್’ ಬೇಡ, ‘ಬಿಲಿಟಲ್ಡ್ ಮಿ’ ಸಾಕು. ವ್ಯಕ್ತಿಯ ಬದಲು ಅವರ ಕೆಲಸವೂ ಕರ್ಮಪದವಾಗಬಹುದು. ಇನ್ನೊಂದು ಮಾತು: ಕೆಲಸದಲ್ಲಿರುವ ತಪ್ಪನ್ನು ತಪ್ಪೆಂದು ಹೇಳುವುದಕ್ಕೆ ಈ ಪದ ಸಲ್ಲದು, ಅದು ಟೀಕೆ. ಆ ಬಂಧು ಕಥೆಯ ಮುಕ್ತಾಯ ಸಡಿಲವಾಗಿದೆ ಎಂದಿದ್ದರೆ ಅಕ್ಕ ಕುಳಿತು ಚರ್ಚಿಸುತ್ತಿದ್ದಳು.

ತನ್ನನ್ನು ತಾನೇ ಕುಗ್ಗಿಸಿಕೊಳ್ಳುವುದಕ್ಕೂ ಇದೇ ಕ್ರಿಯಾಪದ ಬಳಕೆಯಲ್ಲಿದೆ, ಜೊತೆಗೆ ‘ಹರ್‌ಸೆಲ್ಫ್’ನಂಥ ಪದ ಸೇರಬೇಕು. ಆ ಕಥೆಯ ಬಗ್ಗೆ ಯಾರಾದರೂ ಕೇಳಿದರೆ ಅಕ್ಕ ಈಗಲೂ ‘ಅಯ್ಯೋ, ಆಗ ಏನೋ ಗೀಚಿದ್ದೆ ಬಿಡಿ’ ಎನ್ನುತ್ತಾಳೆ. ಅದನ್ನು ವಿನಯವೆಂದು ಅನುವಾದಿಸಲು ನನಗೆ ಮನಸ್ಸು ಬರುವುದಿಲ್ಲ. ‘ಷೀ ಬಿಲಿಟಲ್ಸ್ ಹರ್‌ಸೆಲ್ಫ್’ ಎಂದೇ ಬರೆಯುತ್ತೇನೆ.