ನೀವು ನಮ್ಮವರೇ ಅಲ್ಲವೇ, ನಿಮಗೇಕೆ ಶಾಲು?

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ಮನೆಯ ಸಂಗತಿ, ಕೆಲವು ಸಂದರ್ಭಗಳನ್ನು ಬದಲಿಸಿದ್ದೇನೆ. ಊರಿನಲ್ಲಿ ಎಲ್ಲರೂ ಅವರನ್ನು ಹವಾಲ್ದಾರರು ಎಂದೇ ಕರೆಯುತ್ತಾರೆ. ಇಲ್ಲಿಯೂ ಹಾಗೆಯೇ ಇರಲಿ.

ಆ 14 ಶಾಲುಗಳನ್ನು ಆರಿಸಿ ತಂದವರು ಹವಾಲ್ದಾರರೇ. ಅಂಗಡಿಯಲ್ಲಿ ಚೌಕಾಸಿ ಮಾಡಿ, ಹಾರಕ್ಕೆ ಮುಂಗಡ ಕೊಟ್ಟು, ಮೈಕಿನವನಿಗೆ ಎರಡು ಸಲ ನೆನಪಿಸಿ, ಹಿಂದಿನ ರಾತ್ರಿ ಹನ್ನೊಂದರವರೆಗೆ ಕುರ್ಚಿಗಳನ್ನು ಸಾಲಾಗಿ ಹಾಕಿದವರೂ ಅವರೇ. ಮರುದಿನ 2024ರ ಜುಲೈ 26, ಕಾರ್ಗಿಲ್ ವಿಜಯಕ್ಕೆ 25 ವರ್ಷ ತುಂಬಿದ ದಿನ. ಮಾಜಿ ಸೈನಿಕರ ಸಂಘದ ವೇದಿಕೆಗೆ ಆ ಯುದ್ಧದಲ್ಲಿದ್ದವರನ್ನು ಒಬ್ಬೊಬ್ಬರಾಗಿ ಕರೆದರು. ಹವಾಲ್ದಾರರು ಪಕ್ಕದಲ್ಲಿ ನಿಂತು ಶಾಲಿನ ಮಡಿಕೆ ಬಿಡಿಸಿ ಅತಿಥಿಗಳ ಕೈಗೆ ಕೊಡುತ್ತಿದ್ದರು. ಹದಿನಾಲ್ಕನೆಯ ಶಾಲು ಹೋಯಿತು. ಅವರ ಹೆಸರು ಬರಲಿಲ್ಲ. 1999ರಲ್ಲಿ ಅವರೂ ಅಲ್ಲಿದ್ದವರು.

ಊಟದ ಹೊತ್ತಿನಲ್ಲಿ ಯಾರೋ ಅದನ್ನು ಎತ್ತಿದಾಗ ಸಂಘದ ಕಾರ್ಯದರ್ಶಿ ಹವಾಲ್ದಾರರ ಹೆಗಲ ಮೇಲೆ ಕೈಯಿಟ್ಟು ನಕ್ಕರಂತೆ: “ನೀವು ನಮ್ಮವರೇ ಅಲ್ಲವೇ, ನಿಮಗೇಕೆ ಶಾಲು?”

ಮುಂದಿನ ಭಾನುವಾರದಿಂದ ಅವರು ಸಂಘದ ಕಡೆ ಹೋಗಲಿಲ್ಲ. ಮೂರು ತಿಂಗಳ ನಂತರ ಮಗಳು ಅವರನ್ನು ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ‘ಮನೋಚೈತನ್ಯ’ ಮಾನಸಿಕ ಆರೋಗ್ಯ ಚಿಕಿತ್ಸಾಲಯಕ್ಕೆ ಕರೆತಂದಳು. ನಸುಕಿನ ಮೂರು ಗಂಟೆಗೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆಯಿಲ್ಲ. ಮನೆಯಲ್ಲಿ ಮಾತಿಲ್ಲ. ಸೇನಾ ಕ್ಯಾಂಟೀನಿನಿಂದ ತಿಂಗಳಿಗೆಂದು ತಂದ ಮದ್ಯ ಹದಿನೈದನೆಯ ತಾರೀಖಿಗೇ ಮುಗಿಯುತ್ತದೆ. ವೈದ್ಯರು ಮೊದಲು ನೋಡಿ, ರಕ್ತದೊತ್ತಡಕ್ಕೆ ಮಾತ್ರೆ ಬರೆದು, ಆಪ್ತಸಮಾಲೋಚನೆಯ ಮಾತಿಗೆಂದು ನನ್ನ ಕೋಣೆಗೆ ಕಳುಹಿಸಿದರು.

ಕುರ್ಚಿಯ ತುದಿಯಲ್ಲಿ ಕುಳಿತು ಅವರು ಆಡಿದ ಮೊದಲ ಮಾತು: “ಶಾಲಿಗಾಗಿ ಬಂದವನು ಎಂದುಕೊಳ್ಳಬೇಡಿ ಮೇಡಂ.” ನಾನು ಶಾಲಿನ ಸುದ್ದಿಯನ್ನೇ ಎತ್ತಿರಲಿಲ್ಲ.

ಹವಾಲ್ದಾರರು 1990ರಲ್ಲಿ ಆರ್ಮಿ ಸರ್ವಿಸ್ ಕೋರ್‌ಗೆ ಚಾಲಕರಾಗಿ ಸೇರಿದವರು. ಸೇನೆಯ ಪಡಿತರ, ಇಂಧನ, ಮದ್ದುಗುಂಡು ಸಾಗಿಸುವ ದಳ ಅದು. 24 ವರ್ಷ ಗಾಡಿ ಓಡಿಸಿ ಊರಿಗೆ ಬಂದರು. ಊರಿನ ಸಂಘದಲ್ಲಿ ಹೆಚ್ಚಿನವರು ಮರಾಠಾ ಲೈಟ್ ಇನ್‌ಫೆಂಟ್ರಿ, ಮದ್ರಾಸ್ ರೆಜಿಮೆಂಟ್‌ಗಳ ಕಾಲಾಳುಗಳು. ಅವರ ನಡುವೆ ಇವರಿಗೆ ‘ರೇಷನ್ ಪಲ್ಟನ್’ ಎಂಬ ಅಡ್ಡಹೆಸರು. ಹತ್ತು ವರ್ಷ ಅದಕ್ಕೆ ಎಲ್ಲರ ಜೊತೆ ಇವರೂ ನಕ್ಕಿದ್ದಾರೆ.

ಮೂರನೆಯ ಭೇಟಿಯಲ್ಲಿ ರಸ್ತೆಯ ಕಥೆ ಹೊರಬಂದಿತು. ಸೋನಾಮಾರ್ಗ್ ಬಿಟ್ಟು ಜೋಜಿಲಾ ಕಣಿವೆ ಹತ್ತಿಳಿದು ದ್ರಾಸ್ ಮೂಲಕ ಕಾರ್ಗಿಲ್‌ಗೆ ಹೋಗುವ ಹೆದ್ದಾರಿ. ಜೂನ್ 13ರಂದು ತೋಲೋಲಿಂಗ್ ಶಿಖರ ನಮ್ಮ ಕೈಗೆ ಬರುವವರೆಗೆ ಆ ರಸ್ತೆ ಮೇಲೆ ಕುಳಿತ ಶತ್ರುವಿಗೆ ಅಂಗೈಯಷ್ಟು ಸ್ಪಷ್ಟ. ಹಗಲು ಗಾಡಿ ಕಂಡರೆ ಷೆಲ್ ಬೀಳುತ್ತಿತ್ತು. ಆದ್ದರಿಂದ ರಾತ್ರಿ, ಹೆಡ್‌ಲೈಟ್ ಆರಿಸಿ ಹೋಗಬೇಕು. ಸೇನೆಯ ಲಾರಿಯ ಹಿಂದಿನ ಗಾಲಿಗಳ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಗುಂಡಾದ ಭಾಗಕ್ಕೆ ಬಿಳಿ ಬಣ್ಣ ಬಳಿದಿರುತ್ತಾರೆ. ಅದರ ಮೇಲೆ ಮಿಣುಕು ದೀಪವೊಂದು. ಮೇಲಿನಿಂದ ಕಾಣದು, ಹಿಂದಿನ ಚಾಲಕನಿಗೆ ಮಾತ್ರ ಕಾಣುತ್ತದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ಹಿಂದೆ ಮದ್ದುಗುಂಡಿನ ಪೆಟ್ಟಿಗೆಗಳು, ಕಣ್ಣು ಆ ಬಿಳಿ ಗುಂಡಿನ ಮೇಲೆ. ಈಗಲೂ ಕನಸಿನಲ್ಲಿ ಅದು ಕಣ್ಮರೆಯಾಗುತ್ತದೆ. ಆಗ ಮೂರು ಗಂಟೆ.

“ಇದನ್ನು ಸಂಘದಲ್ಲಿ ಎಂದಾದರೂ ಹೇಳಿದ್ದೀರಾ?”

“ಅಲ್ಲಿರುವವರೆಲ್ಲ ಬೆಟ್ಟ ಹತ್ತಿದವರು ಮೇಡಂ. ರಸ್ತೆಯಲ್ಲಿ ಹೋದವನು ಏನು ಹೇಳುವುದು?”

ನಾನಾಗ ಮಾಡಿದ ತಪ್ಪನ್ನು ಬರೆಯಲೇಬೇಕು. ಮನಸ್ಸಿನ ನೋವನ್ನು ಕಾರ್ಯದರ್ಶಿಯವರಿಗೆ ನೇರವಾಗಿ ಹೇಳಿ ಎಂದು ಸಲಹೆ ಕೊಟ್ಟೆ. ಬೇರೆ ಸಂಘ ಸಂಸ್ಥೆಗಳ ಜಗಳದಲ್ಲಿ ನಡೆಯುವ ಸಲಹೆ ಅದು. ಹವಾಲ್ದಾರರು ಹೋದರು. ಕಾರ್ಯದರ್ಶಿ ಹವಾಲ್ದಾರರಿಗಿಂತ ಮೇಲಿನ ದರ್ಜೆಯವರು, ಸುಬೇದಾರರಾಗಿ ನಿವೃತ್ತರಾದವರು. ಅವರ ಎದುರು ನಿಂತೊಡನೆ ಇವರ ಬೆನ್ನು ತಾನಾಗಿ ನೆಟ್ಟಗಾಯಿತು, ಬಾಯಿಂದ “ಎಲ್ಲ ಸರಿಯಿದೆ ಸಾಹೇಬ್” ಎಂದಷ್ಟೇ ಹೊರಟಿತು. ಸಾಲದ್ದಕ್ಕೆ, ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ ಸಂಗ್ರಹದ ಕೆಲಸವನ್ನೂ ಹೊತ್ತುಕೊಂಡು ಮರಳಿದರು. ಸಮವಸ್ತ್ರ ಕಳಚಿಟ್ಟ ಮೇಲೂ ದರ್ಜೆ ಮೈಯಲ್ಲಿ ಉಳಿಯುತ್ತದೆ ಎಂಬುದು ಸೇನೆಯ ಗಾಳಿ ಸೋಕದ ನನಗೆ ಹೊಳೆದಿರಲಿಲ್ಲ. ಮುಂದಿನ ಮಂಗಳವಾರ ಅವರ ಕ್ಷಮೆ ಕೇಳಿದೆ. ಅವರಿಗೆ ಬಹಳ ಮುಜುಗರವಾಯಿತು. ಆದರೆ ಅಂದಿನಿಂದ ಕುರ್ಚಿಗೆ ಒರಗಿ ಕುಳಿತರು.

ಆಮೇಲೆ ಬೇರೆ ದಾರಿ ಹಿಡಿದೆ. ಸೇನೆಯ ಚಾಲಕನಿಗೆ ಗಾಡಿಯ ಡೈರಿ ಬರೆಯುವುದು ಕೈಗಂಟಿದ ಅಭ್ಯಾಸ: ಎಲ್ಲಿಗೆ, ಎಷ್ಟು ಕಿಲೋಮೀಟರು, ಯಾರ ಆದೇಶ. ಸಂಘಕ್ಕೆ ಒಂದು ವರ್ಷದಲ್ಲಿ ಮಾಡಿದ ಕೆಲಸಗಳನ್ನೆಲ್ಲ ಅದೇ ರೀತಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ ಎಂದೆ. ಕಣ್ಣಿಗೆ ಒತ್ತಿಕೊಳ್ಳುವಂಥ ಬರವಣಿಗೆಯಲ್ಲಿ ತಂದರು. ಒಟ್ಟು 31 ಕೆಲಸ. ಪಿಂಚಣಿ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬದಲಾದ ಮೇಲೆ ನವೆಂಬರ್‌ನ ಜೀವಿತ ಪ್ರಮಾಣಪತ್ರಕ್ಕಾಗಿ ಹಳ್ಳಿಯ ಮುದುಕಿಯರನ್ನು ಬೈಕಿನಲ್ಲಿ ಕೂರಿಸಿಕೊಂಡು ಓಡಾಡಿದ್ದು, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡಿನ ಅರ್ಜಿಗಳು, ಸಭಾಭವನದ ಸೋರುವ ಹಂಚು, ಯಾರದೋ ಮಗಳ ಮದುವೆಗೆ ಪಾತ್ರೆ. ‘ಯಾರ ಆದೇಶ’ ಎಂಬ ಅಂಕಣದಲ್ಲಿ ನಾಲ್ಕು ಕಡೆ ಮಾತ್ರ ಹೆಸರಿತ್ತು. ಉಳಿದ 27 ಸಾಲು ಖಾಲಿ.

ಅವರು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. “ಹಾಗಾದರೆ ಯಾರೂ ಹೇಳಿಯೇ ಇಲ್ಲ” ಎಂದರು. ಆಮೇಲೆ, ನಾನು ಕೇಳದೆಯೇ, 2019ರ ಸಂಗತಿ ಹೇಳಿದರು.

ಹೆಂಡತಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾಗಿ ರಕ್ತಸ್ರಾವ ನಿಲ್ಲಲಿಲ್ಲ. ಮಧ್ಯರಾತ್ರಿ ಸಂಘಕ್ಕೆ ಫೋನ್ ಮಾಡಿದರು. ಎರಡು ಗಂಟೆಯೊಳಗೆ ಕ್ರೂಸರ್ ಗಾಡಿಯಲ್ಲಿ ಒಂಬತ್ತು ಜನ ಬಂದಿಳಿದರು. ನಾಲ್ವರ ರಕ್ತ ಹೊಂದಿತು. ಒಬ್ಬರು ಆರು ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಇವರ ಜೊತೆ ಮಲಗಿದರು. ಗಾಡಿಗೆ ಡೀಸೆಲ್ ಹಾಕಿಸಿದವರು ಯಾರೆಂದು ಇಂದಿಗೂ ಯಾರೂ ಬಾಯಿ ಬಿಟ್ಟಿಲ್ಲ. ನಾಲ್ವರಲ್ಲಿ ಒಬ್ಬರು ಇದೇ ಕಾರ್ಯದರ್ಶಿ.

ಅಂದಿನಿಂದ ಹವಾಲ್ದಾರರು ಸಂಘದಲ್ಲಿ ‘ಆಗುವುದಿಲ್ಲ’ ಎಂದಿಲ್ಲ.

ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ, ಋಣ ಮತ್ತು ಹಂಗು. ಋಣದಲ್ಲಿ ಒಂದು ಬಂಧವಿದೆ. ಅನ್ನದ ಋಣ, ಮಣ್ಣಿನ ಋಣ ಎನ್ನುವಾಗ ತಲೆ ಬಾಗುತ್ತದೆ, ಆದರೆ ಕುಗ್ಗುವುದಿಲ್ಲ. ಹಂಗು ಹಾಗಲ್ಲ. ಉಪಕಾರ ಮಾಡಿದವನು ಮರೆತಿರಬಹುದು, ಪಡೆದವನು ಅವನ ಮುಖ ಕಂಡಾಗಲೆಲ್ಲ ಲೆಕ್ಕ ಹಾಕುತ್ತಾನೆ. ಹವಾಲ್ದಾರರ ಎದೆಯಲ್ಲಿ ಋಣವಾಗಿ ಮೊಳೆತದ್ದು ಯಾವಾಗಲೋ ಹಂಗಾಗಿ ಬೆಳೆದಿತ್ತು. ಅವರ ದಳದ ಧ್ಯೇಯವಾಕ್ಯ ‘ಸೇವಾ ಅಸ್ಮಾಕಂ ಧರ್ಮಃ’. ಒಳ್ಳೆಯ ಮಾತೇ, ಆದರೆ ಇಂಥ ಮನಸ್ಸಿಗೆ ಅದು ಬೇಗ ಸಿಗುವ ಮುಸುಕು.

ಸಂಘದವರ ಕಡೆಯ ಲೆಕ್ಕ ಬೇರೆ. ನಮ್ಮ ಮನೆಗಳಲ್ಲಿ ತಾಯಿಗೆ, ಅಣ್ಣನಿಗೆ ಯಾರೂ ಧನ್ಯವಾದ ಹೇಳುವುದಿಲ್ಲ. ಹೇಳಿದರೆ ‘ನಾನೇನು ಹೊರಗಿನವಳೇ?’ ಎಂಬ ಮಾತು ಬರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಹೊರಗಿನವರಿಗೆ. ಆ ದೃಷ್ಟಿಯಿಂದ ಕಾರ್ಯದರ್ಶಿಯ ಮಾತು ಇವರನ್ನು ಒಳಗೆಳೆದುಕೊಂಡ ಮಾತು. ಹಾಗೆಂದು ಅವರ ತಪ್ಪನ್ನು ಪೂರ್ತಿ ಮನ್ನಿಸಲು ನನಗೆ ಮನಸ್ಸಿಲ್ಲ. ಶಾಲು ಹೊದ್ದ ಹದಿನಾಲ್ವರೂ ‘ನಮ್ಮವರೇ’ ಅಲ್ಲವೇ? ಕುರ್ಚಿ ಹಾಕುವವನಿಗೆ ಮಾತ್ರ ಆ ಪದವಿ ಸಿಕ್ಕಿತು. ಮನೆಗಳಲ್ಲಿ ಹೆಂಗಸರು ಈ ಪದವಿಯನ್ನು ಬಹಳ ಕಾಲದಿಂದ ಬಲ್ಲರು.

ಐದನೆಯ ಭೇಟಿಗೆ ಹೆಂಡತಿಯನ್ನೂ ಕರೆದೆ. ಡೈರಿಯನ್ನು ಅವರ ಮುಂದಿಟ್ಟಾಗ ಗಂಡನ ಕಡೆ ನೋಡದೆ ನನಗೆ ಹೇಳಿದರು: “ಮೈಯಲ್ಲಿ ರಕ್ತ ಹರಿದದ್ದು ನನಗೆ. ಋಣವಿದ್ದರೆ ಅದು ನನ್ನದು. ಇವರು ಐದು ವರ್ಷದಿಂದ ನನ್ನ ಸಾಲ ತೀರಿಸುತ್ತಿದ್ದಾರೆ, ನನ್ನನ್ನು ಒಂದು ಮಾತು ಕೇಳಿಲ್ಲ.”

ಅಂದು ನಾನು ಕೊಟ್ಟ ಸಲಹೆಯ ಬಹುಪಾಲು ಅವರ ಆ ಮಾತಿನಿಂದಲೇ ಹುಟ್ಟಿತು. ರಕ್ತ ಕೊಟ್ಟ ನಾಲ್ವರನ್ನೂ ವರಾಂಡದಲ್ಲಿ ಮಲಗಿದವರನ್ನೂ ಮನೆಗೆ ಊಟಕ್ಕೆ ಕರೆಯಿರಿ, ಆ ರಾತ್ರಿಯ ಹೆಸರೆತ್ತಿ, ಯಾರು ಏನು ಮಾಡಿದರೆಂದು ಬಾಯಿಬಿಟ್ಟು ಹೇಳಿ, ಹೇಳುವವರು ಮನೆಯವರಾಗಿರಲಿ ಎಂದೆ. ಹೆಸರಿಟ್ಟು ಹೇಳಿದ ಉಪಕಾರ ಮುಖ ನೋಡಿ ಮಾತಾಡುವಷ್ಟು ಹಗುರಾಗುತ್ತದೆ. ಸಂಘ ಬಿಡಬೇಡಿ, ಆದರೆ 31ರಲ್ಲಿ ನಿಮಗೆ ನಿಜವಾಗಿ ಬೇಕಾದ ಐದನ್ನು ಮಾತ್ರ ಇಟ್ಟುಕೊಳ್ಳಿ. ಉಳಿದವನ್ನು ಬಿಡುವಾಗ ಕಾರಣ ಕೊಡಲು ಹೋಗಬೇಡಿ, ಈಚೆಗೆ ನಿವೃತ್ತರಾಗಿ ಬಂದ ಹುಡುಗರ ಹೆಸರು ಸೂಚಿಸಿ. ಶಾಲನ್ನು ಕೇಳಬೇಡಿ ಎಂದೂ ಹೇಳಿದೆ. ಕೇಳಿ ಪಡೆದ ಶಾಲು ಅವರನ್ನು ಬೆಚ್ಚಗಿಡುತ್ತಿರಲಿಲ್ಲ. ಕೇಳಬೇಕಾದದ್ದು ರಸ್ತೆಯ ಕಥೆಗೆ ಹತ್ತು ನಿಮಿಷ. ಅದನ್ನು ಸುಬೇದಾರರ ಕಿವಿಗೆ ಮುಟ್ಟಿಸಲು ಅದೇ ವರಾಂಡದ ಗೆಳೆಯರು ಸಾಕು, ಅವರೂ ಹವಾಲ್ದಾರರೇ. ಮದ್ಯದ ವಿಷಯದಲ್ಲಿ ನಾನು ಮೃದುವಾಗಿರಲಿಲ್ಲ. ನಿದ್ದೆಗೆಂದು ಕುಡಿದದ್ದೇ ಮೂರು ಗಂಟೆಗೆ ಎಬ್ಬಿಸುತ್ತದೆ ಎಂದು ವಿವರಿಸಿ, ಬಾಟಲಿಯ ಲೆಕ್ಕವನ್ನು ಮಗಳಿಗೆ ವಹಿಸಿದೆ. ಕನಸು ಕಾಡಿದ ರಾತ್ರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಅವರು ಒಮ್ಮೆಯೂ ಕರೆ ಮಾಡಲಿಲ್ಲ. ಮಗಳು ಮಾಡಿದಳು, ತನಗಾಗಿ.

ಊಟ ನಡೆಯಿತು, ಹೋಳಿಗೆ, ಕಟ್ಟಿನ ಸಾರು. ಹೆಂಡತಿ ಐವರ ಹೆಸರನ್ನೂ ಹೇಳಿದರಂತೆ, ಕೊನೆಯ ಹೆಸರಿಗೆ ಬಂದಾಗ ಮಾತು ಮುಂದುವರಿಯಲಿಲ್ಲವಂತೆ. ಕಾರ್ಯದರ್ಶಿ ತಟ್ಟೆಯ ಕಡೆ ನೋಡುತ್ತ “ತಂಗಿ, ಆ ರಾತ್ರಿ ನಾನು ಸೂಜಿಗೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ” ಎಂದರಂತೆ. ಶಾಲಿನ ಮಾತು ಯಾರೂ ಆಡಲಿಲ್ಲ.

2025ರ ಜನವರಿ 14ರಂದು ಸಂಘದಲ್ಲಿ ಮಾಜಿ ಸೈನಿಕರ ದಿನ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ದಿನವದು. ಹವಾಲ್ದಾರರಿಗೆ ಹತ್ತು ನಿಮಿಷ ಕೊಟ್ಟರು, ಅವರು ನಾಲ್ಕೇ ನಿಮಿಷದಲ್ಲಿ ಮುಗಿಸಿದರು. ಬಿಳಿ ಗುಂಡಿನ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಇನ್ನೊಬ್ಬರು ಅವರನ್ನು ಗದರಿದರು. ಆಮೇಲೆ ಬೆಟ್ಟ ಹತ್ತಿದವರೊಬ್ಬರು ಬಂದು, ನಮಗೆ ಬಂದ ಪೆಟ್ಟಿಗೆ ಯಾರ ಗಾಡಿಯದಿತ್ತೋ ನಮಗೇನು ಗೊತ್ತು, ಕತ್ತಲಲ್ಲಿ ಇಳಿಸಿಕೊಂಡೆವು ಎಂದರಂತೆ. ‘ರೇಷನ್ ಪಲ್ಟನ್’ ಎಂಬ ಹೆಸರು ಹಾಗೆಯೇ ಇದೆ. ಕಾರ್ಯದರ್ಶಿಯ ಜೊತೆ ಮಾತು ಇನ್ನೂ ಸ್ವಲ್ಪ ಬಿಗಿ. ಕನಸು ತಿಂಗಳಿಗೆ ಒಂದೆರಡು ಸಲ ಬರುತ್ತದೆ.

ಆ ವರ್ಷದ ನವೆಂಬರ್‌ನಲ್ಲಿ ಒಬ್ಬ ಅಜ್ಜಿಯನ್ನು ಆಸ್ಪತ್ರೆಗೆ ತೋರಿಸಲು ಕರೆತಂದಿದ್ದಾಗ ಕಾರಿಡಾರಿನಲ್ಲಿ ಸಿಕ್ಕರು. ಜೀವಿತ ಪ್ರಮಾಣಪತ್ರ ಮುಗಿಸಿಕೊಂಡೇ ಬಂದಿದ್ದರು. ಜೇಬಿನಲ್ಲಿ ಅದೇ ನೋಟ್‌ಬುಕ್ಕು. ನೋಡಬಹುದೇ ಎಂದೆ. ಆ ದಿನದ ಸಾಲಿನಲ್ಲಿ ಹಳ್ಳಿಯ ಹೆಸರು, 38 ಕಿಲೋಮೀಟರು, ‘ಯಾರ ಆದೇಶ’ ಎಂಬಲ್ಲಿ ‘ಸ್ವಂತ’ ಎಂದು ಬರೆದಿದ್ದರು.