ಭೋಗ್ಯದ ಹಣ ಬಂದಿಲ್ಲ, ಬೀಗದ ಕೈ ಕೊಡಲೇ?

ಪ್ರಶ್ನೆ: ಕುವೆಂಪುನಗರದಲ್ಲಿ 8 ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆ ಭೋಗ್ಯಕ್ಕೆ ಹಾಕಿಕೊಂಡಿದ್ದೆವು. ಪತ್ರ ನನ್ನ ಹೆಸರಿನಲ್ಲಿದೆ, ಛಾಪಾ ಕಾಗದದ್ದು, ರಿಜಿಸ್ಟರ್ ಮಾಡಿಸಿಲ್ಲ. ಅವಧಿ ಮುಗಿದು ಎರಡು ತಿಂಗಳಾಯಿತು. ಓನರ್ ಕೇಳಿದರೆ "ಹೊಸಬರು ಬಂದ ತಕ್ಷಣ ಕೊಡ್ತೀನಮ್ಮ, ಮೊದಲು ಬೀಗ ಕೊಡಿ, ಸುಣ್ಣ ಬಣ್ಣ ಮಾಡಿಸಬೇಕು" ಅನ್ನುತ್ತಾರೆ. ಒಳ್ಳೆಯವರೇ. ಕೊಡಲೇ?
– ಗೃಹಿಣಿ, ಮೈಸೂರು

ಉತ್ತರ: ಕೊಡಬೇಡಿ.

ಅವರು ಒಳ್ಳೆಯವರೇ ಇರಬಹುದಮ್ಮ, ಆದರೆ 8 ಲಕ್ಷ ಈಗ ಅವರ ಹತ್ತಿರ ಇಲ್ಲ. ಅದು ಎಂದೋ ಮಗಳ ಮದುವೆಗೋ ಇನ್ನೊಂದು ಸೈಟಿಗೋ ಹೋಗಿರುತ್ತದೆ. ನಮ್ಮೂರಲ್ಲಿ ಭೋಗ್ಯ ನಡೆಯುವುದೇ ಹೀಗೆ ಅಲ್ವಾ, ಹೊಸಬರ ದುಡ್ಡಲ್ಲಿ ಹಳಬರನ್ನು ಕಳಿಸುವುದು. ನಾನೂ ಒಮ್ಮೆ ಸರಸ್ವತಿಪುರಂನಲ್ಲಿ ಬಣ್ಣ ಹೊಡೆಸೋಕೆ ಅಂತ ಬೀಗ ಕೊಟ್ಟೆ. ಬಣ್ಣದ ವಾಸನೆ ಹೋಗುವ ಮೊದಲೇ ಒಳಗೆ ಬೇರೆ ಸಂಸಾರ ಹಾಲು ಉಕ್ಕಿಸುತ್ತಿತ್ತು. ನನ್ನ ದುಡ್ಡು ಹತ್ತು ಸಾವಿರ, ಇಪ್ಪತ್ತು ಸಾವಿರ ಅಂತ ಬಂದು ಮುಗಿಯಲು 14 ತಿಂಗಳು ಹಿಡಿಯಿತು.

ಹಾಗಾಗಿ ಮನೆ ನೋಡಲು ಬಂದವರಿಗೆ ನೀವೇ ಬಾಗಿಲು ತೆಗೆದು ತೋರಿಸಿ. ಬಣ್ಣದವರು ಬಂದರೂ ಅಷ್ಟೇ. ನಿಮ್ಮ ಬೀರು, ಮಂಚ ಒಳಗೇ ಇರಲಿ, ಕರೆಂಟ್ ಬಿಲ್ಲು ನೀವೇ ಕಟ್ಟುತ್ತಿರಿ. ಪತ್ರದಲ್ಲಿ "ಹಣ ಹಿಂದಿರುಗಿಸುವ ತನಕ ಬಾಡಿಗೆ ಇಲ್ಲದೆ ಇರಬಹುದು" ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಆ ಮಾತನ್ನು ಓನರ್ ಕೈಯಲ್ಲಿ ಒಂದು ಹಾಳೆಯಲ್ಲಾದರೂ ಬರೆಸಿಕೊಳ್ಳಿ.

ಈಗ ಪತ್ರದ ವಿಷಯ. ಒಂದು ವರ್ಷ ಮೀರಿದ ಲೀಸ್ ರಿಜಿಸ್ಟರ್ ಆಗಲೇಬೇಕು, 1908ರ ನೋಂದಣಿ ಕಾಯ್ದೆ ಹೇಳುವುದು ಅದನ್ನೇ. ಎಲ್ಲರೂ 11 ತಿಂಗಳಿಗೆ ಪತ್ರ ಮಾಡಿಸುವುದು ಇದನ್ನು ತಪ್ಪಿಸಿಕೊಳ್ಳೋಕೆ. ಛಾಪಾ ಶುಲ್ಕ ಕಮ್ಮಿ ಕಟ್ಟಿದ್ದರೆ ಇನ್ನೊಂದು ತಲೆನೋವು. ಪತ್ರವನ್ನು ಕೋರ್ಟಿನ ಮುಂದೆ ಇಟ್ಟಾಗ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಿ ಅನ್ನಬಹುದು. ಇದನ್ನು ಕೇಳಿ ಹೆದರಬೇಡಿ, ದುಡ್ಡು ಬ್ಯಾಂಕಿನಿಂದ ಹೋಗಿದ್ದರೆ ಪಾಸ್‌ಬುಕ್ಕಿನ ಆ ಒಂದು ಸಾಲೇ ನಿಮ್ಮ ಗಟ್ಟಿ ಸಾಕ್ಷಿ. ಕೈಗೆ ಕೊಟ್ಟಿದ್ದರೆ ಮಾತ್ರ ಈ ಪತ್ರವನ್ನೇ ನೆಚ್ಚಬೇಕು, ಜೋಪಾನ.

ಜೊತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಿಲ್ಲ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಆ ಮನೆಯ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ. ಬ್ಯಾಂಕಿಗೆ ಅಡಮಾನ ಮಾಡಿ ರಿಜಿಸ್ಟರ್ ಮಾಡಿಸಿದ್ದರೆ ಅದರಲ್ಲಿ ಕಾಣುತ್ತದೆ. ಕಂಡರೆ ಕಾಯಬೇಡಿ, ಅವತ್ತೇ ವಕೀಲರ ಹತ್ತಿರ ಹೋಗಿ.

ಓನರ್ ಟೈಮ್ ಕೇಳಿದರೆ ಕೊಡಿ, ಸುಮ್ನೆ ಅಲ್ಲ, ತಾರೀಖು ಹಾಕಿದ ಚೆಕ್ ಇಸಿದುಕೊಂಡು. ಆ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸ್ ಬಂತು ಅಂತ ಗೊತ್ತಾದ 30 ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳಲ್ಲಿ ಕೇಸು. ಈ ಲೆಕ್ಕ ತಪ್ಪಿಸಿಕೊಂಡು ಕೈಚೆಲ್ಲಿ ಕೂತವರು ಜಾಸ್ತಿ. ವಕೀಲರ ಖರ್ಚಿಗೆ ಯೋಚಿಸುತ್ತಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಬಹುದು, ಅಲ್ಲಿ ಒಪ್ಪಿ ಸಹಿ ಹಾಕಿದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ.

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ಮಹಡಿ ಮನೆಯವರು ಐದು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ, ಖಾಲಿಯೂ ಮಾಡಲ್ಲ. ಫ್ಯೂಸ್ ಕಿತ್ತು ಹಾಕಲಾ?
– ನಿವೃತ್ತ ಮೇಷ್ಟ್ರು

ಉತ್ತರ: ಬೇಡ ಮೇಷ್ಟ್ರೇ. ಫ್ಯೂಸ್ ಕಿತ್ತ ದಿನದಿಂದ ತಪ್ಪು ನಿಮ್ಮದಾಗುತ್ತದೆ. ಬೀಗ ಹಾಕಿ ಹೊರಗೆ ನಿಲ್ಲಿಸಿದಿರೋ, ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಅವರು ಮತ್ತೆ ಒಳಗೆ ಬರಬಹುದು. ತಿಂಗಳ ಬಾಡಿಗೆಯವರಾದರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, 15 ದಿನದ ನೋಟಿಸ್ ಸಾಕು. ವಕೀಲರಿಂದ ಬರೆಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಆಮೇಲೂ ಏಳದಿದ್ದರೆ ಖಾಲಿ ಮಾಡಿಸುವ ದಾವೆ. ಪೊಲೀಸರ ಹತ್ತಿರ ಓಡಬೇಡಿ, "ಇದು ಸಿವಿಲ್ ಮ್ಯಾಟರ್ ಸಾರ್" ಅಂತ ಟೀ ಕುಡಿಸಿ ಕಳಿಸುತ್ತಾರೆ. ಅಂದಹಾಗೆ, ಅವರ ಅಡ್ವಾನ್ಸ್ ಎಷ್ಟಿದೆ ಅಂತ ನೀವು ಬರೆದೇ ಇಲ್ಲ. ಮೊದಲು ಅದನ್ನು ಲೆಕ್ಕ ಹಾಕಿ.